ಸಿಗರೇಟು ಹಚ್ಚಿದವರೇ ಎದ್ದು ಹೊರಗೆ ಹೋಗಬೇಕು ಅಂತ ಆದದ್ದು ಯಾವಾಗಿನಿಂದ?

ಹಳೇಮೈಸೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಇದ್ದ ಒಂದು ವಿಷಯ, ನಿಮ್ಮ ಅನುಭವ ಕೇಳೋಣ ಅಂತ ಬರೆಯುತ್ತಿದ್ದೇನೆ.

ಎಪ್ಪತ್ತು ಎಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆ ಮನೆಗೆ ಬೀಗರು ಬಂದು ಕೂತರೆ ಒಂದು ತಟ್ಟೆ ಬರುತ್ತಿತ್ತು. ಎಲೆ, ಅಡಿಕೆ, ಸುಣ್ಣ, ಅದರ ಪಕ್ಕದಲ್ಲೇ ಸಿಗರೇಟು ಪ್ಯಾಕು, ಬೀಡಿ ಕಟ್ಟು, ಬೆಂಕಿಪೊಟ್ಟಣ. ಅದು ಮರ್ಯಾದೆ. ಇಡದೇ ಹೋದರೆ ಹೆಣ್ಣಿನ ಕಡೆಯವರ ಮೇಲೆ ಮಾತು ಬರುತ್ತಿತ್ತು. ಈಗ ಕಲ್ಯಾಣ ಮಂಟಪದ ಒಳಗೆ ಯಾರಾದರೂ ಸಿಗರೇಟು ಹಚ್ಚಿದರೆ ಗಂಡಿನ ಅಪ್ಪನೇ ಆಗಿರಲಿ, ‘ಸ್ವಲ್ಪ ಆಚೆ ಹೋಗ್ತೀರಾ’ ಅಂತ ಹುಡುಗರೂ ಹೇಳುತ್ತಾರೆ. ಹೇಳಿಸಿಕೊಂಡವರು ಎದ್ದು ಹೋಗುತ್ತಾರೆ ಕೂಡ.

ಕೆಟ್ಟದ್ದು ಅಂತ ಗೊತ್ತಾದ ಮೇಲೆ ಜನ ಬದಲಾದರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಬರೆಯಬೇಕು ಅನ್ನುವ ಕಾನೂನು ಬಂದದ್ದು 1975ರಲ್ಲಿ. ಅಂದರೆ ನಾನು ಹೇಳಿದ ಆ ತಟ್ಟೆಯ ಪ್ಯಾಕಿನ ಮೇಲೂ ‘ಆರೋಗ್ಯಕ್ಕೆ ಹಾನಿಕರ’ ಅಂತ ಇತ್ತು. ಓದಿಕೊಂಡೇ ಸೇದುತ್ತಿದ್ದರು, ಓದಿಕೊಂಡೇ ಬೀಗರಿಗೆ ಕೊಡುತ್ತಿದ್ದರು.

ನನ್ನ ಪ್ರಕಾರ ಬದಲಾದದ್ದು ಬೇರೆ. ಹೊಗೆ ಬೇಡದವನಿಗೆ ‘ಬೇಡ’ ಅನ್ನುವ ಹಕ್ಕು ಆಗ ಇರಲಿಲ್ಲ, ಈಗ ಬಂದಿದೆ. 1989ರ ರೈಲ್ವೆ ಕಾಯ್ದೆಯ 167ನೇ ಕಲಂ ನೋಡಿ. ಡಬ್ಬಿಯಲ್ಲಿ ಇನ್ನೊಬ್ಬ ಪ್ರಯಾಣಿಕ ಆಕ್ಷೇಪಿಸಿದರೆ ಸೇದುವ ಹಾಗಿಲ್ಲ, ಸೇದಿದರೆ 100 ರೂಪಾಯಿವರೆಗೆ ದಂಡ. ಅಂದರೆ ಯಾರೂ ಬಾಯಿ ಬಿಡದಿದ್ದರೆ ಸೇದಬಹುದು ಅಂತಲೇ ಅರ್ಥ ಬರುತ್ತಿತ್ತು. ರೈಲ್ವೆ ಬೇಕಾದರೆ ಪೂರ್ತಿ ನಿಷೇಧಿಸಬಹುದಿತ್ತು, ಅದು ಬೇರೆ ಮಾತು. ಆದರೆ ಮಡಿಲಲ್ಲಿ ಮಗು ಇಟ್ಟುಕೊಂಡ ಹೆಂಗಸು, ಎದುರಿಗೆ ಕೂತ ನಾಲ್ಕು ಗಂಡಸರಿಗೆ ‘ಆರಿಸಿ’ ಅಂತ ಹೇಳುವ ಕಾಲವಾ ಅದು? ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು ಅಷ್ಟೇ.

2001ರ ನವೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೆ ಉಲ್ಟಾ. ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕೋರ್ಟು, ಸರ್ಕಾರಿ ಕಚೇರಿ, ಬಸ್ಸು, ರೈಲು, ಇಲ್ಲೆಲ್ಲ ಸೇದುವಂತೆಯೇ ಇಲ್ಲ. ಸೇದದವನು ಯಾಕೆ ಹೊಗೆ ಕುಡಿಯಬೇಕು ಅನ್ನುವುದೇ ಅಲ್ಲಿ ಪ್ರಶ್ನೆ ಆಗಿತ್ತು. ಆಮೇಲೆ ತಂಬಾಕು ನಿಯಂತ್ರಣಕ್ಕೆ 2003ರ ಕೇಂದ್ರ ಕಾನೂನು ಬಂತು, 2008ರ ಅಕ್ಟೋಬರ್ 2ರಿಂದ ಹೋಟೆಲು, ಖಾಸಗಿ ಆಫೀಸುಗಳೂ ಸೇರಿ ನಿಯಮ ಬಿಗಿಯಾಯಿತು.

ಕಾನೂನು ಬಂದಿದ್ದಕ್ಕೆ ಜನರ ಮನಸ್ಸು ಬದಲಾಯಿತಾ, ಮನಸ್ಸು ಬದಲಾಗಿತ್ತು ಅಂತ ಕಾನೂನು ಬಂತಾ? ನಿಮ್ಮ ಊರಲ್ಲಿ, ಮನೆಯಲ್ಲಿ ಏನಾಯಿತು ಅಂತ ಬರೆಯಿರಿ.

ಚನ್ನಪಟ್ಟಣದ ಬೊಂಬೆ

ಮೇಷ್ಟ್ರೇ, ಒಳ್ಳೆಯ ವಿಷಯ ಎತ್ತಿದಿರಿ. ನಾನು ಚಿಕ್ಕವನಿದ್ದಾಗ ಅಂಗಡಿಯಿಂದ ಸಿಗರೇಟು ತರುವ ಕೆಲಸ ಮನೆಯಲ್ಲಿ ಮಕ್ಕಳದ್ದೇ. ‘ಹೋಗಿ ಎರಡು ಚಾರ್ಮಿನಾರ್ ತಗೊಂಡು ಬಾ, ಉಳಿದ ಚಿಲ್ಲರೆಗೆ ಪೆಪ್ಪರ್‌ಮೆಂಟು’ ಅಂತ ಕಳಿಸುತ್ತಿದ್ದರು. ಅಂಗಡಿಯವರು ಕೊಡುತ್ತಿದ್ದರು. ಅದರಲ್ಲಿ ತಪ್ಪಿದೆ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಗೂಡಂಗಡಿ ಕಂಬಕ್ಕೆ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿ ಅದರ ತುದಿಗೆ ಬೆಂಕಿ ಹಚ್ಚಿಟ್ಟಿರುತ್ತಿದ್ದರು, ನೆನಪಿದೆಯಾ? ಬೀಡಿ ಹಚ್ಚಿಕೊಳ್ಳಲು. ಬೆಳಗ್ಗೆಯಿಂದ ರಾತ್ರಿವರೆಗೆ ಅದು ಕೆಂಪಗೆ ಉರಿಯುತ್ತಲೇ ಇರುತ್ತಿತ್ತು.

ಆ ಬಿಳಿ ಸಕ್ಕರೆ ಮಿಠಾಯಿ ಸಿಗರೇಟು ಕೂಡ ಇತ್ತು. ತುದಿ ಕೆಂಪು. ಎರಡು ಬೆರಳ ಮಧ್ಯೆ ಹಿಡಿದು ದೊಡ್ಡವರ ಹಾಗೆ ಊದುತ್ತಿದ್ದೆವು. ಮನೆಯವರು ನೋಡಿ ನಗುತ್ತಿದ್ದರು. ಇವತ್ತು ನನ್ನ ಮಗ ಹಾಗೆ ಮಾಡಿದರೆ ನಾನು ನಗುವುದಿಲ್ಲ.

ಬಂಟ್ವಾಳದ ಮಗಳು

ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳಬೇಕು. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿಯ ಬಗ್ಗೆ ಮಾತಾಡಿದರೆ ಸೇದುವವರು ಆಮೇಲೆ ನೆನಪಾಗುತ್ತಾರೆ, ಕಟ್ಟುವವರು ಮೊದಲು.

ನಮ್ಮ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಮಧ್ಯಾಹ್ನ ಊಟ ಆದ ಮೇಲೆ ಚಾವಡಿಯಲ್ಲಿ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ತಡ್ಪೆ (ಮೊರ) ಹಿಡಿದುಕೊಂಡು ಕೂರುತ್ತಿದ್ದರು. ಎಲೆಯನ್ನು ನೀರಲ್ಲಿ ನೆನೆಸಿ, ಕತ್ತರಿಯಿಂದ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ ಸುರುಟಿ, ನೂಲು ಸುತ್ತುವುದು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡು ಹೋಗಿ ಕೊಡಬೇಕು. ಅಲ್ಲಿ ಸರಿ ಇಲ್ಲ ಅಂತ ತೆಗೆದು ಬಿಸಾಡಿದರೆ ಅದಕ್ಕೆ ದುಡ್ಡಿಲ್ಲ. ಮಕ್ಕಳು ನೂಲು ಕಟ್ಟಲು, ಬೀಡಿಯ ತುದಿ ಮುಚ್ಚಲು ಸೇರಿಕೊಳ್ಳುತ್ತಿದ್ದೆವು. ಹೆಣ್ಣು ನೋಡಲು ಬಂದಾಗ ‘ಬೀಡಿ ಕಟ್ಟಲು ಬರುತ್ತದಾ’ ಅಂತ ಕೇಳುತ್ತಿದ್ದರು. ಬರುತ್ತದೆ ಅಂದರೆ ಅದೇ ಅವಳ ದುಡಿಮೆ.

ಆ ದುಡ್ಡು ಹೆಂಗಸರ ಕೈಗೇ ಬರುತ್ತಿತ್ತು. ಬಸ್ಸಿನ ಟಿಕೆಟು, ಶಾಲೆಯ ಪುಸ್ತಕ, ಅಕ್ಕನ ಮದುವೆಯ ಚಿನ್ನ, ಎಲ್ಲ ಅದರಿಂದಲೇ. 1966ರ ಬೀಡಿ ಕಾರ್ಮಿಕರ ಕಾನೂನಿನ ಮೇಲೆ ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರು ಅಂತ ಲೆಕ್ಕಕ್ಕೆ ಬಂದರು. ಪಿ.ಎಫ್., ಬೋನಸ್, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ನಾನೂ ಆ ವಿದ್ಯಾರ್ಥಿವೇತನ ಪಡೆದವಳೇ.

ಹಾಗಾಗಿ ‘ಧೂಮಪಾನ ಹೋಗಲಿ’ ಅಂತ ಯಾರಾದರೂ ಭಾಷಣ ಮಾಡಿದರೆ ಅಮ್ಮನಿಗೆ ಭಯ ಆಗುತ್ತಿತ್ತು. ಪ್ಯಾಕಿನ ಮೇಲೆ ಎಚ್ಚರಿಕೆಯ ದೊಡ್ಡ ಚಿತ್ರ ಹಾಕಬೇಕು ಅಂತ ಆದಾಗ ಬ್ರಾಂಚಿನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರಂತೆ. ಕೆಲಸ ವಾರಕ್ಕೆ ಇಷ್ಟೇ ದಿನ ಅಂತ ಕಡಿಮೆ ಆಗುತ್ತಾ ಬಂತು. ಈಗ ನಮ್ಮ ಊರಿನಲ್ಲಿ ಇಪ್ಪತ್ತರ ಹುಡುಗಿಯರು ಯಾರೂ ತಡ್ಪೆ ಹಿಡಿಯುವುದಿಲ್ಲ. ಅದು ಸಂತೋಷವೇ. ಆದರೆ ಅರುವತ್ತು ದಾಟಿದ, ಬೆನ್ನು ನೋವು, ಕೆಮ್ಮು ಹಿಡಿದ ಹೆಂಗಸರಿಗೆ ಬೇರೆ ದಾರಿ ಯಾರು ತೋರಿಸಿದರು? ಹುಡಿಯ ಘಾಟು ಮೂಗಿಗೆ ಹೋಗಿ ಹೋಗಿ ಅವರೂ ಸೇದಿದ ಹಾಗೇ ಅಲ್ವಾ? ಬೀಡಿಗೆ ಬೆಂಕಿ ಹಚ್ಚಿದ ಹೊಗೆಯ ಬಗ್ಗೆ ದೇಶವೇ ಮಾತಾಡಿತು. ಕಟ್ಟುವಾಗಿನ ಆ ಹುಡಿಯ ಬಗ್ಗೆ ಮಾತಾಡಿದವರು ಕಡಿಮೆ.

ವಾರ್ಡ್ ಸಿಸ್ಟರ್

ಬಂಟ್ವಾಳದ ತಂಗಿ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ನಿವೃತ್ತ ನರ್ಸ್. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎರಡರಲ್ಲೂ ಕೆಲಸ ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೆ ಆಷ್‌ಟ್ರೇ ಇರುವುದು ಮಾಮೂಲು. ರೋಗಿಗೆ ‘ಬೀಡಿ ಬಿಡಪ್ಪಾ’ ಅಂತ ಹೇಳಿ, ರೋಗಿ ಆಚೆ ಹೋದ ಮೇಲೆ ಅವರೇ ಒಂದು ಹಚ್ಚುತ್ತಿದ್ದರು. ವಾರ್ಡಿನ ವರಾಂಡದಲ್ಲಿ ರೋಗಿಯ ಕಡೆಯವರು ಸಾಲಾಗಿ ಕೂತು ಸೇದುತ್ತಿದ್ದರು. ನಾವು ಕಸ ಗುಡಿಸುವವರಿಗೆ ಹೇಳಿ ತುಂಡುಗಳನ್ನು ಗುಡಿಸಿಸುತ್ತಿದ್ದೆವು, ಸೇದಬೇಡಿ ಅಂತ ಹೇಳುತ್ತಿರಲಿಲ್ಲ. ಮೇಷ್ಟ್ರು ಹೇಳಿದ ‘ಹಕ್ಕು’ ಅಂದರೆ ಇದೇ. ನಮಗೆ ಹೇಳುವ ಹಕ್ಕಿದೆ ಅಂತಲೇ ಅನ್ನಿಸುತ್ತಿರಲಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಅಪ್ಪನ ಮುಂದೆ ಸೇದಬಾರದು, ಮಾವನ ಮುಂದೆ ಸೇದಬಾರದು, ಮೇಷ್ಟ್ರ ಮುಂದೆ ಸೇದಬಾರದು ಅನ್ನುವುದು ಮೊದಲಿಂದಲೂ ಇತ್ತು. ದೊಡ್ಡವರು ಬಂದರೆ ಬೀಡಿಯನ್ನು ಅಂಗೈಯೊಳಗೆ ಮುಚ್ಚಿಕೊಳ್ಳುತ್ತಿದ್ದರು. ಆದರೆ ಹೆಂಡತಿಯ ಮುಂದೆ? ಬಸುರಿ ಸೊಸೆಯ ಮುಂದೆ? ಮಗು ಮಲಗಿದ ತೊಟ್ಟಿಲ ಪಕ್ಕದಲ್ಲಿ? ಅಲ್ಲಿ ಯಾವ ಸಂಕೋಚವೂ ಇರಲಿಲ್ಲ. ಅಂದರೆ ಮರೆ ಮಾಡುತ್ತಿದ್ದದ್ದು ಗೌರವಕ್ಕೆ, ಇನ್ನೊಬ್ಬರ ಶ್ವಾಸಕೋಶಕ್ಕಲ್ಲ.

1981ರಲ್ಲಿ ಜಪಾನಿನ ಹಿರಾಯಾಮ ಅನ್ನುವ ವೈದ್ಯರು, ತಾವು ಸೇದದೇ ಇದ್ದರೂ ಗಂಡ ಜಾಸ್ತಿ ಸೇದುತ್ತಿದ್ದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಅಂತ ಪ್ರಕಟಿಸಿದರು. ಅದು ಜಗತ್ತಿನಲ್ಲೆಲ್ಲ ದೊಡ್ಡ ಚರ್ಚೆ ಆಯಿತು. ನಮ್ಮ ಮನೆಗಳಿಗೆ ಆ ಮಾತು ಬಂದು ಮುಟ್ಟಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಮುಟ್ಟಿದ ಮೇಲೆ ಮಾತ್ರ ಮನೆಯೊಳಗಿನ ರೀತಿ ಬದಲಾಯಿತು. ಈಗ ತಾತಂದಿರು ಮೊಮ್ಮಕ್ಕಳಿಗೆ ಹೆದರಿ ಮಹಡಿಗೆ ಹೋಗಿ ಸೇದುತ್ತಾರೆ. ಶಾಲೆಯಿಂದ ಬಂದ ಮಗು ‘ತಾತ, ಇದು ಕ್ಯಾನ್ಸರ್’ ಅಂತ ನೇರವಾಗಿ ಹೇಳುತ್ತದೆ. ಮರೆ ಮಾಡುವುದು ಆಗಲೂ ಇತ್ತು, ಈಗಲೂ ಇದೆ. ಆಗ ದೊಡ್ಡವರಿಗೆ ಹೆದರುತ್ತಿದ್ದರು, ಈಗ ಚಿಕ್ಕವರಿಗೆ. ಕೇಂದ್ರ ಸರ್ಕಾರದ ವಯಸ್ಕರ ತಂಬಾಕು ಸಮೀಕ್ಷೆಯಲ್ಲೂ ಇದು ಕಾಣುತ್ತದೆ. ಮನೆಯಲ್ಲಿ ಬೇರೆಯವರ ಹೊಗೆ ಕುಡಿಯುವವರು 2009-10ರಲ್ಲಿ ಶೇ. 52.3 ಇದ್ದರು, 2016-17ಕ್ಕೆ ಶೇ. 38.7ಕ್ಕೆ ಇಳಿದರು. ಇಳಿದಿದೆ ಅನ್ನುವುದು ಸಮಾಧಾನ. ಆದರೆ ಹತ್ತರಲ್ಲಿ ನಾಲ್ಕು ಜನಕ್ಕೆ ಇನ್ನೂ ಸ್ವಂತ ಮನೆಯಲ್ಲೇ ಹೊಗೆ ಅಂದರೆ ಅದು ಸಣ್ಣ ಮಾತಲ್ಲ.

ನಿಪ್ಪಾಣಿ ಕಡೆಯವ

ಎಲ್ಲರೂ ಬರೀ ಹೊಗೆಯ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಉತ್ತರ ಕರ್ನಾಟಕದ ಕಡೆ ಬಂದು ನೋಡ್ರಿ. ಇಲ್ಲಿ ತಂಬಾಕು ಅಂದರೆ ಬಾಯಲ್ಲಿ ಇಡುವುದು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ತಟ್ಟಿ, ತುಟಿ ಕೆಳಗೆ ಇಟ್ಟುಕೊಂಡರೆ ಮುಗೀತು. ಹೊಗೆ ಇಲ್ಲ, ವಾಸನೆ ಇಲ್ಲ, ಯಾರಿಗೂ ತೊಂದರೆ ಇಲ್ಲ ಅಂತ ಅಂದುಕೊಳ್ಳುತ್ತಾರೆ. ಸಿಗರೇಟು ಸೇದುವವರನ್ನು ಕೆಟ್ಟವರು ಅನ್ನುವ ಹಿರಿಯರೇ ಸಂಚಿಯಿಂದ ತಂಬಾಕು ತೆಗೆದು ಕೊಡುತ್ತಾರೆ.

ಅದೇ ಸಮೀಕ್ಷೆ 2016-17ರಲ್ಲಿ ಏನು ಹೇಳಿತು ಅಂದರೆ, ದೇಶದಲ್ಲಿ ಸೇದುವವರು ಶೇ. 10.7, ಹೊಗೆ ಇಲ್ಲದ ತಂಬಾಕು ಬಳಸುವವರು ಶೇ. 21.4. ಎರಡು ಪಟ್ಟು! ಹೊಗೆ ಇನ್ನೊಬ್ಬರ ಮೂಗಿಗೆ ಹೋಗುತ್ತದೆ, ಅದಕ್ಕೆ ಸಮಾಜ ಸಿಟ್ಟಾಯಿತು. ಬಾಯಲ್ಲಿ ಇಟ್ಟದ್ದು ಕಾಣಲಿಲ್ಲ, ಅದಕ್ಕೆ ಸುಮ್ಮನಾಯಿತು. ಸಿನಿಮಾ ಶುರುವಾಗುವ ಮೊದಲು ತೋರಿಸುತ್ತಿದ್ದ ಮುಕೇಶ್ ಅನ್ನುವ ಹುಡುಗನ ಜಾಹೀರಾತು ಎಲ್ಲರಿಗೂ ನೆನಪಿರಬೇಕು. ಆತ ಸಿಗರೇಟಿನಿಂದ ಸತ್ತ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆತ ತಿನ್ನುತ್ತಿದ್ದದ್ದು ಗುಟ್ಕಾ. ಸಾಯುವಾಗ ವಯಸ್ಸು 24.

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರ ಮೇ 31ಕ್ಕೆ. ಆಮೇಲೆ ಪಾನ್ ಮಸಾಲದ ಚೀಟು ಬೇರೆ, ತಂಬಾಕಿನ ಚೀಟು ಬೇರೆ ಮಾರಲು ಶುರುವಾಯಿತು. ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಂಡರೆ ಅದೇ ಗುಟ್ಕಾ. ಇದರ ಬಗ್ಗೆ ಯಾರೂ ಸಿಟ್ಟಾಗುವುದು ಕಾಣೆ.

ಇನ್ನು ನಮ್ಮ ನಿಪ್ಪಾಣಿ. ಬೀಡಿ ತಂಬಾಕಿನ ಊರು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಯಲ್ಲಿ ಕೂತು ಹೋರಾಟ ಮಾಡಿದರು, ಗೋಲಿಬಾರ್ ಆಗಿ ರೈತರು ಸತ್ತರು. ಆಗ ತಂಬಾಕು ಬೆಳೆಯುವವರ ಪರವಾಗಿ ನಿಲ್ಲುವುದು ನ್ಯಾಯ ಅಂತ ಎಲ್ಲರಿಗೂ ಅನ್ನಿಸಿತ್ತು. ಈಗ ಅದೇ ಬೆಳೆಗೆ ಬೆಲೆ ಕೇಳಿದರೆ ‘ವಿಷ ಬೆಳೆದು ಬೆಲೆ ಬೇರೆ ಕೇಳುತ್ತೀರಾ’ ಅನ್ನುವವರಿದ್ದಾರೆ. ಮನೋಭಾವ ಬದಲಾಯಿತು ಅಂದರೆ ಇದೂ ಅದರಲ್ಲಿ ಸೇರಬೇಕು ಸರ್.

ಮಾರತ್‌ಹಳ್ಳಿ ಟೆಕ್ಕಿ

ನನಗೆ 27. ನಿಮ್ಮೆಲ್ಲರ ಮಾತು ಓದಿದರೆ ಸಿಗರೇಟು ಮುಗಿದೇ ಹೋಯಿತು ಅನ್ನಿಸುತ್ತದೆ. ನಮ್ಮ ಆಫೀಸಿನ ಗೇಟಿನ ಆಚೆ ಬನ್ನಿ. ಚಹಾ ಅಂಗಡಿಯ ಮುಂದೆ ಐವತ್ತು ಜನ ಇರುತ್ತಾರೆ, ಗಂಡು ಹೆಣ್ಣು ಇಬ್ಬರೂ. ಹೊಸದಾಗಿ ಸೇರಿದವರಿಗೆ ಮ್ಯಾನೇಜರ ಜೊತೆ ಮಾತಾಡಲು ಸಿಗುವ ಜಾಗ ಅದೇ. ಪ್ರಾಜೆಕ್ಟಿನ ಎಷ್ಟೋ ವಿಷಯ ಅಲ್ಲೇ ಮೊದಲು ಗೊತ್ತಾಗುತ್ತದೆ. ಸೇದದವರು ಒಳಗೆ ಕೂತಿರುತ್ತಾರೆ, ಅವರಿಗೆ ಮೇಲ್ ಬಂದ ಮೇಲೆ ಗೊತ್ತಾಗುತ್ತದೆ. ನಾನು ಸೇದುವುದಿಲ್ಲ, ಆದರೂ ಅಲ್ಲಿ ಹೋಗಿ ನಿಲ್ಲುತ್ತೇನೆ. ಬಟ್ಟೆಯೆಲ್ಲ ವಾಸನೆ.

ಹುಡುಗಿಯರ ವಿಷಯ ಹೇಳಲೇಬೇಕು. ನನ್ನ ಗೆಳತಿಯೊಬ್ಬಳು ಅಲ್ಲಿ ಸಿಗರೇಟು ಹಿಡಿದರೆ ರಸ್ತೆಯಲ್ಲಿ ಹೋಗುವ ಆಟೋದವರೂ ತಿರುಗಿ ನೋಡುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆದವರೂ ಇದ್ದಾರೆ. ಅವಳ ಪಕ್ಕದಲ್ಲೇ ಸೇದುತ್ತಿರುವ ಗಂಡಸನ್ನು ಯಾರೂ ನೋಡುವುದಿಲ್ಲ. ಅವರಿಗೆ ಅವಳ ಆರೋಗ್ಯದ ಚಿಂತೆಯಾ? ಖಂಡಿತ ಅಲ್ಲ. ಹಳ್ಳಿಯಲ್ಲಿ ಕೂಲಿ ಮಾಡುವ ಅಜ್ಜಿಯರು ಬೀಡಿ ಸೇದುತ್ತಿದ್ದರು ಅಂತ ನಮ್ಮ ಅಪ್ಪನೇ ಹೇಳುತ್ತಾರೆ, ಅವರನ್ನು ಯಾರೂ ಹೀಗೆ ನೋಡುತ್ತಿರಲಿಲ್ಲವಂತೆ. ಹೊಗೆ ಬೇಡ ಅನ್ನುವ ಒಳ್ಳೆಯ ಕಾರಣವನ್ನು ಹೆಣ್ಣುಮಕ್ಕಳ ಮೇಲೆ ಕಣ್ಣಿಡಲು ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ವೇಪ್, ಅಂದರೆ ಇ-ಸಿಗರೇಟು. ಕರ್ನಾಟಕ 2016ರಲ್ಲೇ ನಿಷೇಧಿಸಿತು, ದೇಶದಲ್ಲೆಲ್ಲ 2019ರಲ್ಲಿ. ಆದರೂ ಕಾಲೇಜು ಹುಡುಗರ ಜೇಬಿನಲ್ಲಿ ಇದೆ. ಮಾವಿನ ಹಣ್ಣಿನ ವಾಸನೆ ಬರುತ್ತದೆ, ಮನೆಯಲ್ಲಿ ಗೊತ್ತೇ ಆಗುವುದಿಲ್ಲ. ಇವರಿಗೆ ಸಿಗರೇಟು ಅಂದರೆ ಹಳೇ ಕಾಲದ ಅಂಕಲ್‌ಗಳು ಸೇದುವುದು. ಸಿಗರೇಟಿನ ಮೇಲಿನ ಬೇಸರವೇ ವೇಪಿಗೆ ದಾರಿ ಮಾಡಿಕೊಟ್ಟಿದೆ ಅಂತ ನನಗೆ ಅನ್ನಿಸುತ್ತದೆ.

ಬಿಡಲಾಗದವ

ಇಲ್ಲಿ ಸೇದುವವನು ನಾನೊಬ್ಬನೇ ಅನ್ನಿಸುತ್ತದೆ, ಅದಕ್ಕೇ ಬರೆಯುತ್ತೇನೆ. ನನಗೆ ಐವತ್ತೆಂಟು.

ನಾನು ಶುರು ಮಾಡಿದ ಕಾಲದಲ್ಲಿ ಸಿಗರೇಟು ಎಲ್ಲ ಕಡೆ ಇತ್ತು. 1996ರ ವಿಶ್ವಕಪ್ ಕ್ರಿಕೆಟ್ಟಿನ ಹೆಸರೇ ವಿಲ್ಸ್ ವಿಶ್ವಕಪ್. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಮೇಲೆ ಕ್ವಾರ್ಟರ್ ಫೈನಲ್, ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪು ಹಾರಿಸಿದ್ದು, ಕರ್ನಾಟಕದ ಯಾರೂ ಮರೆತಿಲ್ಲ. ಆ ಸಂತೋಷದ ಮೇಲೆ ಒಂದು ಸಿಗರೇಟಿನ ಹೆಸರು ಬರೆದಿತ್ತು. ಪತ್ರಿಕೆಯ ಹಿಂದಿನ ಪುಟ, ಬಸ್ ನಿಲ್ದಾಣದ ಬೋರ್ಡು, ಸಿನಿಮಾದ ನಾಯಕನ ತುಟಿ, ಎಲ್ಲ ಕಡೆ. ಹದಿನೆಂಟು ಇಪ್ಪತ್ತರ ಹುಡುಗರಿಗೆ ದೇಶವೇ ಸೇರಿ ಅದನ್ನು ಕಲಿಸಿತು. 2004ರ ಮೇನಲ್ಲಿ ಜಾಹೀರಾತಿಗೆ ನಿಷೇಧ ಬರುವಷ್ಟರಲ್ಲಿ ನನ್ನಂಥವರಿಗೆ ಅಂಟಿಕೊಂಡು ಆಗಿತ್ತು.

ಆಚೆ ಹೋಗಿ ಸೇದು ಅಂದರೆ ಹೋಗುತ್ತೇನೆ. ಅದು ನ್ಯಾಯ, ಅದಕ್ಕೆ ನನ್ನ ತಕರಾರಿಲ್ಲ. ಮನೆಯಲ್ಲಿ, ಕಾರಿನಲ್ಲಿ ನಾನು ಸೇದುವುದಿಲ್ಲ. ನೋವಾಗುವುದು ಬೇರೆ ಕಡೆ. ಕೆಮ್ಮಿದರೆ ‘ಸೇದಿದೆಯಲ್ಲ, ಅನುಭವಿಸು’ ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಸಿಹಿ ತಿಂದೆಯಲ್ಲ ಅಂತ ಯಾರೂ ಹೀಗೆ ಮಾತಾಡುವುದಿಲ್ಲ. ಚಟ ಅಂದರೆ ಕೊಬ್ಬು ಅಂತಲೇ ತಿಳಿದಿದ್ದಾರೆ. ನಿಕೋಟಿನ್ ಹೇಗೆ ಹಿಡಿಯುತ್ತದೆ ಅಂತ ಸೇದಿದವರಿಗೆ ಮಾತ್ರ ಗೊತ್ತು. ಬಿಡಲು ಪ್ರಯತ್ನ ಮಾಡಿದ್ದೇನೆ, ಮತ್ತೆ ಹಿಡಿದಿದ್ದೇನೆ.

ವಾರ್ಡ್ ಸಿಸ್ಟರ್

ತಮ್ಮಾ, ನಿಮ್ಮ ಮಾತು ಸರಿ. ರೋಗಿಯನ್ನು ಬೈದು ಬಿಡಿಸಿದ್ದು ನನ್ನ ಕೆಲಸದ ಅಷ್ಟೂ ವರ್ಷದಲ್ಲಿ ನಾನು ನೋಡಿಲ್ಲ. ಬೈಸಿಕೊಂಡವರು ಡಾಕ್ಟರಿಗೆ ಸುಳ್ಳು ಹೇಳಲು ಕಲಿಯುತ್ತಾರೆ, ಅಷ್ಟೇ. ಕೆಮ್ಮಿನಲ್ಲಿ ರಕ್ತ ಬಂದರೂ ಹೇಳದೇ ಮುಚ್ಚಿಟ್ಟುಕೊಂಡು ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ನಾಚಿಕೆ ಅವರನ್ನು ತಡ ಮಾಡಿತು.

ಮತ್ತೆ ಹಿಡಿದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಸಲಕ್ಕೇ ಬಿಟ್ಟವರಲ್ಲ. ನಿಮ್ಮ ಪ್ಯಾಕಿನ ಮೇಲೇ ಒಂದು ನಂಬರ್ ಇದೆ ನೋಡಿ, 1800-11-2356. ದುಡ್ಡು ಕೊಡಬೇಕಿಲ್ಲ. 2018ರಿಂದ ಪ್ಯಾಕಿನ ಮೇಲೆ ಅಚ್ಚು ಹಾಕುತ್ತಿದ್ದಾರೆ. ನಮ್ಮ ನಿಮ್ಹಾನ್ಸ್‌ನಲ್ಲೂ ಚಟ ಬಿಡಿಸುವ ವಿಭಾಗ ಇದೆ. ನಿಕೋಟಿನ್ ಚ್ಯೂಯಿಂಗ್ ಗಮ್, ಮೈಗೆ ಅಂಟಿಸುವ ಪಟ್ಟಿ, ಮಾತ್ರೆ ಎಲ್ಲ ಈಗ ಇವೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಅಂತ ಬರೀ ಮಾತಲ್ಲಿ ಕಳಿಸುವ ಕಾಲ ಹೋಗಿದೆ. ಡಾಕ್ಟರ ಹತ್ತಿರ ಕೇಳಿ ಶುರು ಮಾಡಿ.

ಪಿರಿಯಾಪಟ್ಟಣ ರೈತ

ನಿಪ್ಪಾಣಿ ಅಣ್ಣ ಹೇಳಿದ ಮಾತಿಗೆ ನನ್ನದೂ ಸೇರಿಸುತ್ತೇನೆ. ನಮ್ಮ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಆ ಕಡೆ ರಾಮನಾಥಪುರ, ಎಲ್ಲ ಸಿಗರೇಟಿನ ಹೊಗೆಸೊಪ್ಪು ಬೆಳೆಯುವ ಜಾಗ. ಮಳೆ ನಂಬಿ ಬೆಳೆಯುವ ಬೆಳೆ. ತಂಬಾಕು ಮಂಡಳಿಯ ಲೈಸೆನ್ಸ್ ಬೇಕು, ಬ್ಯಾರನ್ (ಸೊಪ್ಪು ಒಣಗಿಸಿ ಹದ ಮಾಡುವ ಮನೆ) ಬೇಕು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಏರಿಸಿ, ಹಗಲು ರಾತ್ರಿ ಸೌದೆ ಹಾಕಿ ಹದ ನೋಡಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಬಣ್ಣ ಹೋಗುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಹಸಿ ಸೊಪ್ಪು ಮುರಿದ ದಿನ ತಲೆ ಸುತ್ತು, ವಾಂತಿ. ಮಳೆಯಲ್ಲಿ ಒದ್ದೆ ಸೊಪ್ಪು ಹೊತ್ತರೆ ಇನ್ನೂ ಜಾಸ್ತಿ. ನಮ್ಮ ಹೆಂಗಸರು ಇದನ್ನು ಮಾಮೂಲಿ ಅಂತ ಅಂದುಕೊಂಡೇ ಬದುಕಿದರು. ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗುತ್ತದೆ ಅಂತ ನಮಗೆ ಹೇಳಿದವರು ತಡವಾಗಿ ಬಂದರು.

ಮೊದಲು ನಮ್ಮ ಕಡೆ ಬ್ಯಾರನ್ ಇದೆ ಅಂದರೆ ಹೆಣ್ಣು ಕೊಡಲು ಮುಂದೆ ಬರುತ್ತಿದ್ದರು. ಈಗ ನನ್ನ ಮಗಳು ಮೈಸೂರಿನ ಕಾಲೇಜಿನಲ್ಲಿ ‘ನಿಮ್ಮಪ್ಪ ಏನು ಬೆಳೆಯುತ್ತಾರೆ’ ಅಂದರೆ ರಾಗಿ, ಜೋಳ ಅನ್ನುತ್ತಾಳೆ. ಅದೂ ಸುಳ್ಳಲ್ಲ, ಸೊಪ್ಪು ತೆಗೆದ ಮೇಲೆ ರಾಗಿ ಹಾಕುತ್ತೇವೆ. ಹೊಗೆಸೊಪ್ಪಿನ ಮಾತು ಎತ್ತುವುದಿಲ್ಲ.

ಬೇರೆ ಬೆಳೆ ಹಾಕಿ ಅಂತ ಸಲಹೆ ಕೊಡುವವರು ತುಂಬಾ ಜನ. ಶುಂಠಿ ಹಾಕಿದೆವು, ಒಂದು ವರ್ಷ ಕೈ ತುಂಬಿತು, ಇನ್ನೊಂದು ವರ್ಷ ಕೊಳೆರೋಗ ಬಂತು, ಮೆಣಸಿನಕಾಯಿಗೂ ಹಾಗೇ. ಹೊಗೆಸೊಪ್ಪಿಗೆ ಹರಾಜು ಕಟ್ಟೆ ಇದೆ, ದುಡ್ಡು ಬ್ಯಾಂಕಿಗೆ ಬರುತ್ತದೆ, ಅದನ್ನು ನೋಡಿ ಬ್ಯಾಂಕಿನವರು ಸಾಲ ಕೊಡುತ್ತಾರೆ. ಅಂಥದ್ದೇ ವ್ಯವಸ್ಥೆ ರಾಗಿಗೋ ದ್ವಿದಳ ಧಾನ್ಯಕ್ಕೋ ಮಾಡಿಕೊಡಲಿ, ನಾಳೆಯೇ ಬ್ಯಾರನ್ ಕೆಡವುತ್ತೇನೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ.

ಹಳೇಮೈಸೂರು ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದು ಒಂದು ಪ್ರಶ್ನೆ, ನೀವು ಅದನ್ನು ತುಂಬಾ ದೊಡ್ಡದು ಮಾಡಿದಿರಿ.

ಟೆಕ್ಕಿಯವರ ಮಾತಿಗೆ ಒಂದು ವಿಷಯ. ಹೊಸ ಚಟ ಬರುವುದು, ಅದು ಫ್ಯಾಷನ್ ಆಗುವುದು, ಆಮೇಲೆ ದೊರೆಗಳು ನಿಷೇಧಿಸುವುದು ಹೊಸದೇನಲ್ಲ. ತಂಬಾಕು ಅಕ್ಬರನ ಆಸ್ಥಾನಕ್ಕೆ ಹೋದದ್ದೇ ನಮ್ಮ ವಿಜಯಪುರದಿಂದ. ಆದಿಲ್‌ಶಾಹಿ ದರ್ಬಾರಿಗೆ ಬಂದಿದ್ದ ಮೊಘಲ್ ದೂತ ಅಸದ್ ಬೇಗ್, 1604ರ ಸುಮಾರಿಗೆ, ಇಲ್ಲಿ ತಂಬಾಕು ನೋಡಿ ಬೆರಗಾಗಿ, ಒಳ್ಳೆಯ ಕೊಳವೆ ಮಾಡಿಸಿಕೊಂಡು ಅಕ್ಬರನಿಗೆ ಕಾಣಿಕೆ ಕೊಟ್ಟ. ಅಕ್ಬರ್ ಒಂದೆರಡು ಸಲ ಎಳೆದು ನೋಡಿದ, ವೈದ್ಯರು ಬೇಡ ಅಂದರು. ಆಸ್ಥಾನದ ಶ್ರೀಮಂತರು ಮಾತ್ರ ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸಿದ. ಅದು ಯಾರಿಗೂ ನಾಟಲಿಲ್ಲ.

2008ರ ನಿಯಮ ಯಾಕೆ ನಾಟಿತು? ಈ ಚರ್ಚೆ ಓದಿದ ಮೇಲೆ ನನಗೆ ಅನ್ನಿಸುವುದು ಇದು. ಪೊಲೀಸರು 200 ರೂಪಾಯಿ ದಂಡ ಹಾಕಿದ್ದು ಎಷ್ಟು ಕಡೆ ನೋಡಿದ್ದೀರಿ? ಬಹಳ ಕಡಿಮೆ. ಆದರೆ ಗೋಡೆಯ ಮೇಲೆ ಒಂದು ಬೋರ್ಡು ಬಂತು. ಹೋಟೆಲಿನ ಮಾಣಿ, ಬಸ್ಸಿನ ಕಂಡಕ್ಟರ್, ಆಸ್ಪತ್ರೆಯ ಆಯಾ, ಇವರೆಲ್ಲ ಆ ಬೋರ್ಡು ತೋರಿಸಿ ‘ಸಾರ್, ಇಲ್ಲಿ ಬೇಡ’ ಅನ್ನುವಂತಾಯಿತು. ತಮ್ಮ ಮಾತಾಗಿದ್ದರೆ ಬೈಸಿಕೊಳ್ಳುತ್ತಿದ್ದರು. ಬೋರ್ಡಿನ ಮಾತಾದ್ದರಿಂದ ಕೇಳಿದರು. ನಮ್ಮ ರಾಜ್ಯದಲ್ಲಿ ಸಿನಿಮಾ ಮಂದಿರದಲ್ಲಿ ಸೇದಬಾರದು ಅಂತ 1963ರಲ್ಲೇ ಕಾನೂನು ಇತ್ತು. ಆದರೂ ಪರದೆಗೆ ಬೀಳುವ ಬೆಳಕಿನಲ್ಲಿ ಹೊಗೆ ಸುರುಳಿ ಸುರುಳಿಯಾಗಿ ಕಾಣುತ್ತಿದ್ದದ್ದು ನನ್ನ ವಯಸ್ಸಿನವರಿಗೆ ಗೊತ್ತು. ಆಗಲೂ ಕಾನೂನು ಇತ್ತು, ಹೇಳುವ ಬಾಯಿ ಇರಲಿಲ್ಲ.

ಡಬ್ಲಿನ್ ಕನ್ನಡತಿ

ಮೇಷ್ಟ್ರ ಮಾತಿಗೆ ಇಲ್ಲಿಂದ ಒಂದು ಉದಾಹರಣೆ. ಐರ್ಲೆಂಡ್ 2004ರ ಮಾರ್ಚ್ 29ಕ್ಕೆ ಪಬ್ಬುಗಳೂ ಸೇರಿ ಕೆಲಸದ ಎಲ್ಲ ಜಾಗದ ಒಳಗೆ ಹೊಗೆ ನಿಷೇಧಿಸಿತು. ಇಡೀ ದೇಶಕ್ಕೆ ಹೀಗೆ ಮಾಡಿದ್ದರಲ್ಲಿ ಇದೇ ಮೊದಲು. ಇಲ್ಲಿ ವಾದ ಮಾಡಿದ್ದು ಗಿರಾಕಿಗಳ ಆರೋಗ್ಯದ ಹೆಸರಲ್ಲಿ ಅಲ್ಲ, ಪಬ್ಬಿನಲ್ಲಿ ಕೆಲಸ ಮಾಡುವವರ ಹೆಸರಲ್ಲಿ. ದಿನವಿಡೀ ಹೊಗೆಯಲ್ಲಿ ನಿಂತು ದುಡಿಯುವವರು ಯಾರು ಅಂತ ಕೇಳಿದರು. ಬಂಟ್ವಾಳದ ಅಕ್ಕ ಮತ್ತು ಪಿರಿಯಾಪಟ್ಟಣದ ಅಣ್ಣ ಕೇಳುತ್ತಿರುವುದೂ ಅದೇ ಅಲ್ವಾ? ನಮ್ಮಲ್ಲಿ ದುಡಿಯುವವರ ಕಡೆಯಿಂದ ಈ ಮಾತು ಶುರುವಾಗಲೇ ಇಲ್ಲ.

ಚನ್ನಪಟ್ಟಣದ ಬೊಂಬೆ

ಒಂದು ಸಂದೇಹ. ಈಗ ಸಿಗರೇಟು ಕೊಳ್ಳುವ ವಯಸ್ಸು 18 ಅಲ್ಲ, 21 ಅಂತ ಆಗಿದೆಯಂತೆ, ನಿಜವಾ? ನಮ್ಮ ಬೀದಿಯ ಅಂಗಡಿಯವರಿಗೆ ಗೊತ್ತೇ ಇಲ್ಲ.

ಮಾರತ್‌ಹಳ್ಳಿ ಟೆಕ್ಕಿ

ನಿಜ. ಕೇಂದ್ರದ ಕಾನೂನಿಗೆ ಕರ್ನಾಟಕ ಮಾಡಿದ ತಿದ್ದುಪಡಿ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 2025ರ ಮೇ ಕೊನೆಗೆ ಜಾರಿಗೆ ಬಂತು. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1000 ರೂಪಾಯಿಗೆ ಏರಿದೆ. ತಂಬಾಕು ಉಗುಳುವುದೂ ಅದರಲ್ಲಿ ಸೇರಿದೆ, ನಿಪ್ಪಾಣಿಯವರು ಗಮನಿಸಿ. ಹುಕ್ಕಾ ಬಾರ್ ನಡೆಸಿದರೆ ಜೈಲು. ಶಾಲೆ ಕಾಲೇಜಿನ 100 ಗಜದ ಒಳಗೆ ಮಾರಬಾರದು ಅನ್ನುವುದು ಮೊದಲೇ ಇತ್ತು.

ನಿಪ್ಪಾಣಿ ಕಡೆಯವ

ಗಮನಿಸಿದೆ. ಉಗುಳುವುದಕ್ಕೆ ದಂಡ ಹಾಕಲಿ, ಜೊತೆಗೆ ಆ ಜೋಡಿ ಚೀಟು ಮಾರುವುದನ್ನೂ ನಿಲ್ಲಿಸಲಿ.

ಬಂಟ್ವಾಳದ ಮಗಳು

ಪಿರಿಯಾಪಟ್ಟಣದ ಅಣ್ಣನಿಗೆ ಒಂದು ಮಾತು. ನಿಮ್ಮ ಮಗಳಿಗೆ ಹೇಳಿ, ಹೊಗೆಸೊಪ್ಪು ಬೆಳೆದು ಓದಿಸಿದರು ಅನ್ನುವುದನ್ನು ಮುಚ್ಚಿಡುವ ಅಗತ್ಯ ಇಲ್ಲ. ನಾನು ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಯಾರು ಕೇಳಿದರೂ ಅಮ್ಮ ಬೀಡಿ ಕಟ್ಟಿದವರು ಅಂತಲೇ ಹೇಳುತ್ತೇನೆ. ನನ್ನ ಮನೆಯಲ್ಲಿ ಬೀಡಿ ಸಿಗರೇಟಿಗೆ ಜಾಗ ಇಲ್ಲ, ಅದನ್ನೂ ಹೇಳುತ್ತೇನೆ. ಎರಡೂ ಒಟ್ಟಿಗೆ ಹೇಳಬಹುದು.

ಪಿರಿಯಾಪಟ್ಟಣ ರೈತ

ಹೇಳುತ್ತೇನೆ ತಾಯಿ. ನೀವು ಬರೆದದ್ದನ್ನೇ ಅವಳಿಗೆ ಕಳಿಸುತ್ತೇನೆ.

ಬಿಡಲಾಗದವ

ಸಿಸ್ಟರ್, ಆ ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದಾ?

ವಾರ್ಡ್ ಸಿಸ್ಟರ್

ಮಾತಾಡಬಹುದು. ದಕ್ಷಿಣದ ಭಾಷೆಗಳಿಗೆ ನಿಮ್ಹಾನ್ಸ್‌ನವರೇ ಕೂತಿರುತ್ತಾರೆ. ಮಾಡಿ, ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯಿರಿ.